ಹದಕ್ಕೆ ಬರುವ ರಬ್ಬರು: ಹಗುರ ಕಾರಿಗೆ ಟ್ರ್ಯಾಕ್ ಟೈರು ಯಾವುದು?

ಕೇಟರ್‌ಹ್ಯಾಮ್ ಸೆವೆನ್ ಕಾರು ಮಾದರಿಗೆ ತಕ್ಕಂತೆ ಸುಮಾರು 500ರಿಂದ 600 ಕೆ.ಜಿ. ತೂಗುತ್ತದೆ. ಒಬ್ಬರು ಹತ್ತಿ ಕೂತರೂ ನಮ್ಮ ಬೀದಿಗಳಲ್ಲಿ ನಿಲ್ಲುವ ಬಹುತೇಕ ಸಣ್ಣ ಕಾರುಗಳಿಗಿಂತ ಹಗುರವೇ. ಹಾಗಾಗಿ ಅದರ ಟೈರಿಗೆ 18 ಪಿಎಸ್‌ಐ ಗಾಳಿ ಸಾಕು. ಸಾಮಾನ್ಯ ಕಾರಿಗೆ 32 ಹೊಡೆಸಿ ರೂಢಿಯಾದವರಿಗೆ ಇದು ಪಂಕ್ಚರ್ ಆದ ಟೈರಿನ ಲೆಕ್ಕದಂತೆ ಕಾಣಬಹುದು. ಆದರೆ ಭಾಗಾಕಾರ ಮಾಡಿ ನೋಡಿ. ಕಾರು 550, ಓಡಿಸುವವರು 80, ಒಟ್ಟು 630 ಕೆ.ಜಿ.; ಚಕ್ರಕ್ಕೆ 157ರಷ್ಟು. 18 ಪಿಎಸ್‌ಐ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 1.27 ಕೆ.ಜಿ. ಅಂದಮೇಲೆ ಒಂದೊಂದು ಟೈರೂ ನೆಲಕ್ಕೆ ಊರಿರುವುದು ಹೆಚ್ಚುಕಡಿಮೆ 124 ಚದರ ಸೆಂಟಿಮೀಟರ್, ಬೆರಳು ಜೋಡಿಸಿ ನೆಲದ ಮೇಲಿಟ್ಟ ಒಂದು ಕೈಯಷ್ಟು ಜಾಗ. ಟೈರಿನ ಪಕ್ಕೆಯ ಬಿಗಿಯೂ ತುಸು ಭಾರ ಹೊರುವುದರಿಂದ ಇದು ಬರಿಯ ಅಂದಾಜು. ಆದರೂ ಬ್ರೇಕು, ತಿರುವು, ವೇಗ ಎಲ್ಲವೂ ನಿಂತಿರುವುದು ಇಂಥ ನಾಲ್ಕು ಅಂಗೈಗಳ ಮೇಲೆ. ಆ ಅಂಗೈಗಳು ಎಂಥ ರಬ್ಬರಿನದಾಗಿರಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ರೇಸ್ ಟ್ರ್ಯಾಕಿಗೆ ಕಾರು ಒಯ್ಯುವವರಲ್ಲಿ ಬೇರೂರಿರುವ ಉತ್ತರ ಒಂದಿದೆ: ಕೈಗೆಟುಕುವ ಟೈರುಗಳಲ್ಲಿ ಅತಿ ಹೆಚ್ಚು ಅಂಟುವುದನ್ನೇ ಹಾಕಿಸಿ. ಭಾರದ, ಹೊಸ ಕಾಲದ ಕಾರಿಗೆ ಈ ಮಾತು ಒಂದು ಮಟ್ಟಿಗೆ ಸರಿ. ಹಳೆಯ ಮಾದರಿಯ ಹಗುರ ಕಾರಿಗೆ ಇದು ಹಲವು ಕಡೆ ಎಡವುತ್ತದೆ. ಎಲ್ಲಿ ಎಡವುತ್ತದೆ, ಯಾಕೆ ಎಡವುತ್ತದೆ ಎಂಬುದು ತಿಳಿದರೆ ಟೈರಿನ ಆಯ್ಕೆ ಅರ್ಧ ಮುಗಿದಂತೆ.

ಮೊದಲು ಕಾರಿನ ಹಿನ್ನೆಲೆ. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ 1957ರಲ್ಲಿ ಲೋಟಸ್ ಸೆವೆನ್ ಹೊರತಂದಾಗ ಅದು ಕೊಳವೆಗಳ ಚೌಕಟ್ಟಿಗೆ ಅಲ್ಯೂಮಿನಿಯಂ ತಗಡು ಹೊದಿಸಿದ ಎರಡು ಸೀಟಿನ ಬಂಡಿ. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಅಂದಿನ ಬ್ರಿಟನ್ನಿನ ಖರೀದಿ ತೆರಿಗೆಯೂ ಉಳಿಯುತ್ತಿತ್ತು. ವಾರವೆಲ್ಲ ರಸ್ತೆಯಲ್ಲಿ ಓಡಿಸಿ, ರಜೆಯ ದಿನ ಅದರಲ್ಲೇ ಟ್ರ್ಯಾಕಿಗೆ ಹೋಗಿ, ರೇಸು ಮುಗಿಸಿ ಅದರಲ್ಲೇ ಮನೆಗೆ ಬರುವುದು ಅದರ ಬಾಳ್ವೆ. 1973ರಲ್ಲಿ ತಯಾರಿಕೆಯ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಬಂತು. ಅದೇ ಆಕಾರದ ಕಾರು ಇಂದಿಗೂ ತಯಾರಾಗುತ್ತಿದೆ. ಇದೇ ಅಚ್ಚಿನಲ್ಲಿ ಬೇರೆಯವರು ಮಾಡಿದ ಕಾರುಗಳೂ ಬೇಕಾದಷ್ಟಿವೆ. ನಮ್ಮಲ್ಲೂ ಅಂಬಾಸಿಡರ್‌ಗೆ ಬರುತ್ತಿದ್ದ 1.8 ಲೀಟರಿನ ಇಸುಜು ಎಂಜಿನ್ ಕೂರಿಸಿದ ಚಿಂಕಾರಾ ರೋಡ್‌ಸ್ಟರ್ ಬಂದಿತ್ತು. ಮೂಲ ಸೆವೆನ್ ಹುಟ್ಟಿದ ಕಾಲದ ಟೈರುಗಳು ಸಪೂರವಾದ ಕ್ರಾಸ್‌ಪ್ಲೈಗಳು, ಅಂದರೆ ಹಳೆಯ ಹೆಣಿಗೆಯವು. ಇಂದಿನ ಕೇಟರ್‌ಹ್ಯಾಮ್‌ನ ಬಿರುಸಿನ ಮಾದರಿಗಳಲ್ಲಿ ಹಿಂದಿನ ಚಕ್ರದ ರಿಮ್ಮೇ 8 ಇಂಚು ಅಗಲ. ಮೈಕಟ್ಟು ಹಾಗೆಯೇ ಉಳಿದು ಪಾದ ಮಾತ್ರ ಹಿಗ್ಗುತ್ತ ಬಂದ ಕಥೆ ಇದು.

ಈಗ ರಬ್ಬರಿನ ಮಾತು. ರಬ್ಬರು ರಸ್ತೆಯನ್ನು ಎರಡು ಬಗೆಯಲ್ಲಿ ಹಿಡಿಯುತ್ತದೆ. ಒಂದು, ಮೈಗೆ ಮೈ ತಾಗಿದಾಗಿನ ನೇರ ಅಂಟು. ಇನ್ನೊಂದು, ಡಾಂಬರಿನ ಕಲ್ಲುಹರಳುಗಳ ಸಂದಿಗೆ ಇಳಿದು ಹಿಡಿಯುವ ಪಟ್ಟು. ಒತ್ತಿದ ರಬ್ಬರು ಕೈ ಬಿಟ್ಟ ಕೂಡಲೇ ಮೊದಲ ಆಕಾರಕ್ಕೆ ಬರುವುದಿಲ್ಲ, ಸ್ವಲ್ಪ ಸಾವಕಾಶವಾಗಿ ಬರುತ್ತದೆ. ಆ ಸಾವಕಾಶದಲ್ಲೇ ಹಿಡಿತ ಹುಟ್ಟುತ್ತದೆ, ಅದರಿಂದಲೇ ಟೈರು ಕಾಯುತ್ತದೆ. ರೇಸಿನ ಕಾಂಪೌಂಡ್, ಅಂದರೆ ರಬ್ಬರಿನ ಮಿಶ್ರಣ, ಬೆರೆಸುವವರು ಇದನ್ನು ಒಂದು ಗೊತ್ತಾದ ಶಾಖಕ್ಕೆ ಹದಗೊಳಿಸುತ್ತಾರೆ. ರಸ್ತೆಗೂ ಸಲ್ಲುವ, ಗೀರು ಕಡಿಮೆಯಿರುವ ಸೆಮಿ ಸ್ಲಿಕ್ ಟೈರುಗಳಲ್ಲಿ ಅದು ಸಾಮಾನ್ಯವಾಗಿ 70ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಕಾವಲಿ ಕಾಯುವ ಮೊದಲೇ ಹುಯ್ದ ದೋಸೆ ಏಳುವುದಿಲ್ಲ. ಮಿತಿಮೀರಿ ಕಾದ ಕಾವಲಿಯ ಮೇಲೆ ಹಿಟ್ಟು ಹರಡುವುದಿಲ್ಲ. ಟೈರಿನದೂ ಅದೇ ಕಥೆ. ತಣ್ಣಗಿದ್ದಾಗ ಆ ದುಬಾರಿ ರಬ್ಬರು ಹಲಗೆಯ ಹಾಗೆ ಜಾರುತ್ತದೆ, ವಿಪರೀತ ಕಾದರೆ ಮೇಲ್ಮೈ ಮೇಣದಂತಾಗಿ ಜಾರುತ್ತದೆ.

ಹಗುರ ಕಾರಿನ ತೊಡಕು ಶುರುವಾಗುವುದೇ ಇಲ್ಲಿ. ಟೈರನ್ನು ಕಾಯಿಸುವುದು ಅದರ ಮೇಲೆ ಬೀಳುವ ಭಾರ ಮತ್ತು ಅದು ಮಾಡುವ ಕೆಲಸ. 1,400 ಕೆ.ಜಿ. ಕಾರು ಎರಡು ಸುತ್ತಿನಲ್ಲಿ ಹದಕ್ಕೆ ತರುವ ರಬ್ಬರನ್ನು 600 ಕೆ.ಜಿ. ಕಾರು ಹತ್ತು ಸುತ್ತು ಹಾಕಿದರೂ ತರಲಾರದು. ಇಂಗ್ಲೆಂಡಿನ ಮಾರ್ಚ್ ತಿಂಗಳ ಚಳಿಯಲ್ಲಿ, ಒದ್ದೆ ಆರಿದ ಟ್ರ್ಯಾಕಿನ ಮೇಲೆ, ಭಾರದ ಕಾರಿಗೆಂದು ಬೆರೆಸಿದ ಗಟ್ಟಿ ಕಾಂಪೌಂಡ್ ಹಾಕಿಕೊಂಡು ಹೋದ ಸೆವೆನ್ ಕಾರು ಒಂದು ಒಳ್ಳೆಯ ರಸ್ತೆ ಟೈರು ಹಾಕಿದ ಸೆವೆನ್‌ಗಿಂತ ನಿಧಾನವಾಗಿಯೇ ಓಡುತ್ತದೆ, ಜೊತೆಗೆ ಹೆಚ್ಚು ಅಪಾಯದಲ್ಲಿರುತ್ತದೆ. ಅದಕ್ಕೇ ಒಂದೇ ಹೆಸರಿನ ಟೈರು ಮೆದು, ಮಧ್ಯಮ ಎಂದು ಬೇರೆ ಬೇರೆ ಕಾಂಪೌಂಡ್‌ಗಳಲ್ಲಿ ಬರುತ್ತದೆ. ಯೊಕೊಹಾಮಾದ ಎ048 ಇದಕ್ಕೆ ಚೆನ್ನಾದ ಉದಾಹರಣೆ. ಅಂಗಡಿಯವರು ಬರಿಯ ಹೆಸರು ಹೇಳಿದರೆ ಸಾಲದು. ಕಾಂಪೌಂಡ್ ಯಾವುದು, ಎಷ್ಟು ತೂಕದ ಕಾರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು ಎಂದು ಕೇಳಲೇಬೇಕು. ಹಗುರ ಕಾರಿಗೆ ಮೆದು ಕಾಂಪೌಂಡ್ ಬೇಕು. ಮೆದುವಾದರೆ ಬೇಗ ಸವೆಯುತ್ತದಲ್ಲ ಎಂಬ ಅಳುಕೂ ಇಲ್ಲಿ ಬೇಡ, ಸವೆಸುವಷ್ಟು ಭಾರ ಆ ಕಾರಿಗೆ ಇಲ್ಲ.

ಹಗುರತನಕ್ಕೆ ಪ್ರಕೃತಿಯೇ ಕೊಟ್ಟ ಒಂದು ಬಳುವಳಿಯನ್ನೂ ಹೇಳಬೇಕು. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ತುಸು ಕಡಿಮೆಯೇ ಹೆಚ್ಚುತ್ತದೆ. ಅದನ್ನೇ ತಿರುವಿ ನೋಡಿದರೆ, ಅರ್ಧ ತೂಕದ ಕಾರಿಗೆ ಅದೇ ಟೈರಿನಿಂದ ಅರ್ಧಕ್ಕಿಂತ ಹೆಚ್ಚು ಹಿಡಿತ ಸಿಗುತ್ತದೆ. ಸಾಧಾರಣ ಟೈರು ಹಾಕಿದ ಸೆವೆನ್ ಕಾರುಗಳು ತಿರುವಿನಲ್ಲಿ ಎಷ್ಟೋ ಪಟ್ಟು ದುಬಾರಿ ಕಾರುಗಳನ್ನು ಹಿಂದಿಕ್ಕುವ ಗುಟ್ಟು ಇದರಲ್ಲಿದೆ. ಅಗಲ ಹೆಚ್ಚಿಸಿದರೆ ನೆಲಕ್ಕೆ ತಾಗುವ ಜಾಗ ಹೆಚ್ಚುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಮೇಲಿನ ಲೆಕ್ಕದಂತೆ ಜಾಗವನ್ನು ಮುಖ್ಯವಾಗಿ ನಿರ್ಧರಿಸುವುದು ತೂಕ ಮತ್ತು ಗಾಳಿ. ಅಗಲದ ಟೈರು ಆ ಅಂಗೈಯನ್ನು ಅಡ್ಡಕ್ಕೆ ಹಿಗ್ಗಿಸಿ ಉದ್ದಕ್ಕೆ ಕುಗ್ಗಿಸುತ್ತದೆ. ತಿರುವಿನಲ್ಲಿ ಅದರಿಂದ ಲಾಭವಿದೆ. ನಷ್ಟ ಎಲ್ಲಿ ಎಂಬುದು ಮುಂದೆ ಬರುತ್ತದೆ.

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹತ್ತಿರವಾದದ್ದು ಸ್ಟೀರಿಂಗ್. ಸೆವೆನ್ ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ಮುಂದಿನ ಎರಡು ಟೈರುಗಳು ಅನುಭವಿಸುವುದೆಲ್ಲ ನೇರವಾಗಿ ಅಂಗೈಗೆ ಬರುತ್ತದೆ. ತಿರುಗಿಸಿದ ಟೈರಿನ ಪಕ್ಕದ ಬಲ ಚಕ್ರದ ನಡುಮಧ್ಯದಲ್ಲಿ ಬೀಳುವುದಿಲ್ಲ, ಸ್ವಲ್ಪ ಹಿಂದಕ್ಕೆ ಬೀಳುತ್ತದೆ. ಅದರಿಂದಲೇ ಸ್ಟೀರಿಂಗ್ ನಮ್ಮ ಕೈಯನ್ನು ನೇರಕ್ಕೆ ಎಳೆಯುತ್ತಿರುತ್ತದೆ. ವೇಗ ಹೆಚ್ಚಿಸಿದಂತೆ ನೆಲಕ್ಕೆ ತಾಗಿದ ರಬ್ಬರಿನ ಹಿಂಭಾಗ ಮೊದಲು ಜಾರತೊಡಗುತ್ತದೆ, ಬಲದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಆ ಎಳೆತ ಇಳಿಯುತ್ತದೆ. ಸ್ಟೀರಿಂಗ್ ಹಗುರವಾಯಿತು ಎಂದು ಕೈಗೆ ತಿಳಿಯುವುದು ಹಿಡಿತ ತುತ್ತತುದಿ ಮುಟ್ಟುವ ಮುಂಚೆಯೇ. ಟೈರು ಹೀಗೆ ಮೊದಲೇ ಸೂಚನೆ ಕೊಟ್ಟು ಆಮೇಲೆ ಕೈ ಬಿಡುತ್ತದೆ. ಸೂಚನೆಗೂ ಜಾರುವಿಕೆಗೂ ನಡುವೆ ಎಷ್ಟು ಎಡೆ ಇದೆ ಎಂಬುದು ಟೈರಿನಿಂದ ಟೈರಿಗೆ ಬೇರೆ. ಹಳೆಯ ಕ್ರಾಸ್‌ಪ್ಲೈಯಲ್ಲಿ ಅದು ಬಹಳ ದೊಡ್ಡದು. ಕಾರು ಅಡ್ಡಡ್ಡ ತೇಲುತ್ತ ಹೋದರೂ ಡ್ರೈವರ್‌ಗೆ ಯೋಚಿಸಲು ಬಿಡುವಿರುತ್ತದೆ. ಇಂದಿನ ರಸ್ತೆ ಟೈರಾದ ರೇಡಿಯಲ್‌ನಲ್ಲಿ ಮಧ್ಯಮ. ಬಿಗಿ ಪಕ್ಕೆಯ, ಗೀರಿಲ್ಲದ ಸ್ಲಿಕ್‌ನಲ್ಲಿ ಕಿರಿದು. ಅಲ್ಲಿ ಹಿಡಿತದ ಶಿಖರ ಎತ್ತರವೂ ಹೌದು, ಚೂಪೂ ಹೌದು. ಅದರಾಚೆ ಕಾಲಿಟ್ಟರೆ ಬೀಳುವುದು ಒಮ್ಮೆಗೇ, ಅದೂ ಹೆಚ್ಚಿನ ವೇಗದಲ್ಲಿ.

ಕಡಿಮೆ ಹಿಡಿತದ ಟೈರನ್ನು ಬೇಕೆಂದೇ ಆರಿಸುವುದು ಹೊಸ ವಿಚಾರವೇನಲ್ಲ. ಟೊಯೊಟಾ 2012ರಲ್ಲಿ ಜಿಟಿ86 ಸ್ಪೋರ್ಟ್ಸ್ ಕಾರು ತಂದಾಗ ಅದಕ್ಕೆ ಹಾಕಿದ್ದು ಇಂಧನ ಉಳಿತಾಯಕ್ಕೆ ಹೆಸರಾದ ಪ್ರಿಯಸ್ ಕಾರಿನ ಕೆಲವು ಮಾದರಿಗಳಿಗೂ ಬರುತ್ತಿದ್ದ ಮಿಶಲಿನ್ ಪ್ರೈಮಸಿ ಟೈರು. ಸಾಧಾರಣ ವೇಗದಲ್ಲೇ ಕಾರಿನ ತೂಗಾಟ ಡ್ರೈವರ್‌ಗೆ ದಕ್ಕಲಿ ಎಂಬುದು ಅದರ ಹಿಂದಿನ ಆಶಯ. ಕೇಟರ್‌ಹ್ಯಾಮ್ ಕಂಪನಿ ಹೊಸಬರಿಗೆಂದೇ ನಡೆಸುವ ಅಕಾಡೆಮಿ ರೇಸುಗಳಲ್ಲೂ ಎಲ್ಲರಿಗೂ ಒಂದೇ ಟೈರು, ಅದೂ ಸಾಧಾರಣ ಹಿಡಿತದ ರಸ್ತೆ ಟೈರು. ಕಾರನ್ನು ಅರಿಯಲು ಅದು ಸರಿಯಾದ ಪಾಠಶಾಲೆ. ಟ್ರ್ಯಾಕಿನಲ್ಲಿ ಮೊದಲ ವರ್ಷ ಕಳೆಯುವ ಯಾರಿಗಾದರೂ ನಾನು ಹೇಳುವುದೂ ಇದನ್ನೇ: ಕಾರಿನ ಜೊತೆ ಬಂದ ಟೈರು ಸವೆಯುವವರೆಗೆ ಓಡಿಸಿ, ಆಮೇಲೆ ಹೊಸದರ ಯೋಚನೆ ಮಾಡಿ. ಅಂಟುವ ಟೈರು ಡ್ರೈವರ್‌ನ ತಪ್ಪುಗಳನ್ನು ಮುಚ್ಚಿಡುತ್ತದೆ. ಮುಚ್ಚಿದ ತಪ್ಪು ತಿದ್ದಿಕೊಳ್ಳಲು ಬಾರದು.

ಅಂಟಿಗೆ ತೆರುವ ಬೆಲೆ ಟೈರಿನ ಬಿಲ್ಲಿನಲ್ಲಿ ಕಾಣುವುದಿಲ್ಲ. ಎಂಜಿನ್‌ನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯನ್ನೇ ನೋಡಿ, ನಮ್ಮ ಮೆಕ್ಯಾನಿಕ್‌ಗಳು ಆಯಿಲ್ ಚೇಂಬರ್ ಎನ್ನುವುದು ಅದನ್ನೇ. ಕಾರು ತಿರುವಿನಲ್ಲಿ 1 ಜಿ, ಅಂದರೆ ತನ್ನ ತೂಕದಷ್ಟೇ, ಬಲದಿಂದ ಪಕ್ಕಕ್ಕೆ ತಳ್ಳಿಸಿಕೊಂಡಾಗ ಅದರೊಳಗಿನ ಎಣ್ಣೆಯ ಮಟ್ಟ 45 ಡಿಗ್ರಿ ವಾಲಿ ನಿಲ್ಲುತ್ತದೆ, ನೀರು ತುಂಬಿದ ಬಾಣಲೆಯನ್ನು ಓರೆ ಹಿಡಿದ ಹಾಗೆ. ರಸ್ತೆ ಟೈರಿನಲ್ಲಿ 0.9 ಜಿ ದಾಟದೆ ಇದ್ದ ಕಾರು ಸೆಮಿ ಸ್ಲಿಕ್‌ನಲ್ಲಿ 1.2 ಜಿ ಮುಟ್ಟಿದರೆ ಆ ವಾಲುವಿಕೆ 50 ಡಿಗ್ರಿ. ಉದ್ದನೆಯ ತಿರುವಿನಲ್ಲಿ ಹೀಗೆ ಬಹಳ ಹೊತ್ತು ವಾಲಿದ ಎಣ್ಣೆ ಪಂಪಿನ ಬಾಯಿಂದ ದೂರ ಸರಿದು, ಪಂಪು ಗಾಳಿ ಹೀರತೊಡಗುತ್ತದೆ. ಕ್ರ್ಯಾಂಕ್‌ಶಾಫ್ಟಿನ ಬೇರಿಂಗ್ ಒಣಗಿ ಸವೆಯಲು ಕೆಲವೇ ಸೆಕೆಂಡು ಸಾಕು. ಟೈರು ಬದಲಿಸಿದ್ದಕ್ಕೆ ಎಂಜಿನ್ ಹೋಯಿತು ಎಂದರೆ ನಂಬುವುದು ಕಷ್ಟ, ಆದರೆ ದಾರಿ ಇಷ್ಟು ಸರಳ. ಆದ್ದರಿಂದ ಅಂಟುವ ಟೈರು ಹಾಕಿಸುವ ಮುಂಚೆ ತೊಟ್ಟಿಯೊಳಗೆ ಎಣ್ಣೆ ಅತ್ತಿತ್ತ ಓಡದಂತೆ ತಡೆಹಲಗೆ ಕೂರಿಸಬೇಕು, ಇಲ್ಲವೇ ಎಣ್ಣೆಯನ್ನು ಬೇರೆ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ವ್ಯವಸ್ಥೆಗೆ ಹೋಗಬೇಕು. ಎಣ್ಣೆಯ ಒತ್ತಡ ತೋರಿಸುವ ಮುಳ್ಳಿನ ಮೇಲೆ ತಿರುವಿನಲ್ಲೂ ಒಂದು ಕಣ್ಣಿರಬೇಕು.

1960ರ ದಶಕದ ಅಸಲಿ ಕಾರಾಗಿದ್ದರೆ ಚಿಂತೆ ಇನ್ನೂ ಹೆಚ್ಚು. ಎಂಜಿಬಿ, ಟ್ರಯಂಫ್ ಟಿಆರ್4ರಂಥ ಕಾರುಗಳ ತಂತಿ ಕಡ್ಡಿಯ ಚಕ್ರಗಳು ಅಂದಿನ ಟೈರಿನ ಹಿಡಿತಕ್ಕೆ ಲೆಕ್ಕ ಹಾಕಿದವು. ಇಂದಿನ ಅಂಟು ರಬ್ಬರು ಎಳೆದಾಗ ಕಡ್ಡಿಗಳು ಸಡಿಲವಾಗುತ್ತವೆ, ಮುರಿಯಲೂಬಹುದು. ಹಿಂದಿನ ಆಕ್ಸಲ್ ಶಾಫ್ಟು, ಹಬ್ಬು, ಚಕ್ರದ ಬೇರಿಂಗು ಎಲ್ಲಕ್ಕೂ ಇದೇ ಮಾತು. ಹಳೆಯ ಟೈರು ಜಾರಿ ಬಿಡುತ್ತಿದ್ದ ಹೊತ್ತಿನಲ್ಲಿ ಈಗಿನ ಟೈರು ಜಾರದೆ ಹಿಡಿದು ನಿಲ್ಲುತ್ತದೆ, ಆ ಬಲ ಕಬ್ಬಿಣಕ್ಕೆ ಹೋಗುತ್ತದೆ. ಒಂದು ಲೆಕ್ಕದಲ್ಲಿ ಜಾರುವ ಟೈರು ಮನೆಯ ಫ್ಯೂಸಿನಂತೆ ಕೆಲಸ ಮಾಡುತ್ತಿತ್ತು.

ಈ ಕಾರಣಕ್ಕೇ ನನಗೆ ಗುಡ್‌ವುಡ್ ರಿವೈವಲ್ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಇಂಗ್ಲೆಂಡಿನ ಸಸೆಕ್ಸ್‌ನ ಆ ಟ್ರ್ಯಾಕಿನಲ್ಲಿ 1998ರಿಂದ ನಡೆದು ಬಂದಿರುವ ಈ ಕೂಟ 1966ಕ್ಕೂ ಹಿಂದಿನ ಕಾರುಗಳದು. ಅಲ್ಲಿನ ಕಾರುಗಳು ಓಡುವುದು ಆ ಕಾಲದ ಅಚ್ಚಿನಲ್ಲೇ ಇವತ್ತಿಗೂ ತಯಾರಾಗುವ ಡನ್‌ಲಪ್ ರೇಸಿಂಗ್ ಕ್ರಾಸ್‌ಪ್ಲೈ ಟೈರುಗಳ ಮೇಲೆ. ಕ್ರಾಸ್‌ಪ್ಲೈಯಲ್ಲಿ ಬಟ್ಟೆಯ ಪದರಗಳು ಒಂದಕ್ಕೊಂದು ಓರೆಯಾಗಿ ಹೆಣೆದಿರುತ್ತವೆ. ರೇಡಿಯಲ್‌ನಲ್ಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರ ಅಡ್ಡವಾಗಿ ಸಾಗಿ, ಮೇಲೆ ಉಕ್ಕಿನ ಪಟ್ಟಿ ಸುತ್ತಿರುತ್ತದೆ. ಮಿಶಲಿನ್ ಕಂಪನಿ 1946ರಲ್ಲೇ ರೇಡಿಯಲ್‌ಗೆ ಪೇಟೆಂಟ್ ಪಡೆದರೂ ಅದು ಫಾರ್ಮುಲಾ 1ಕ್ಕೆ ಬಂದದ್ದು 1977ರಲ್ಲಿ, ರೆನೊ ಕಾರಿನ ಜೊತೆ. ರೇಸಿನವರು ಅಷ್ಟು ಕಾಲ ಕ್ರಾಸ್‌ಪ್ಲೈಯನ್ನೇ ಹಿಡಿದುಕೊಂಡದ್ದಕ್ಕೆ ಅದು ಹಿಡಿತ ಬಿಡುವಾಗಿನ ಸೌಮ್ಯತೆಯೂ ಒಂದು ಕಾರಣ. ಗುಡ್‌ವುಡ್‌ನಲ್ಲಿ ಕಾರುಗಳು ಮೂತಿ ಒಳಕ್ಕೆ, ಬಾಲ ಹೊರಕ್ಕೆ ಮಾಡಿಕೊಂಡು ಉದ್ದಕ್ಕೂ ತೇಲುತ್ತ ಹೋಗುವ ನೋಟದಲ್ಲಿ ಚಾಲಕರ ಚಾತುರ್ಯ ಎಷ್ಟಿದೆಯೋ ಟೈರಿನ ಗುಣವೂ ಅಷ್ಟೇ ಇದೆ. ಅಸಲಿ ಹಳೆಯ ಕಾರಿಗೆ ಇದೇ ಸರಿಯಾದ ರಬ್ಬರು, ನನಗೆ ಇದರಲ್ಲಿ ಎರಡು ಮಾತಿಲ್ಲ. ಆದರೆ ರೇಡಿಯಲ್‌ಗೆ ಹೊಂದಿಸಿದ ಕ್ಯಾಂಬರ್, ಅಂದರೆ ಚಕ್ರದ ವಾಲುವಿಕೆ, ಕ್ರಾಸ್‌ಪ್ಲೈಗೆ ಹೊಂದುವುದಿಲ್ಲ. ರೇಡಿಯಲ್ ಟೈರಿಗೆ ಚಕ್ರದ ತಲೆ 2-3 ಡಿಗ್ರಿ ಒಳಕ್ಕೆ ಬಾಗಿದ್ದರೆ ತಿರುವಿನಲ್ಲಿ ಪೂರ್ತಿ ಪಾದ ಊರುತ್ತದೆ. ಕ್ರಾಸ್‌ಪ್ಲೈ ಹೆಚ್ಚುಕಡಿಮೆ ನೆಟ್ಟಗೇ ನಿಲ್ಲಬೇಕು. ಟೈರು ಬದಲಿಸಿದವರು ಅಲೈನ್‌ಮೆಂಟ್ ಬದಲಿಸದಿದ್ದರೆ ಆ ಟೈರಿನ ಗುಣ ಅವರಿಗೆ ಕಾಣುವುದೇ ಇಲ್ಲ.

ಹೊಸ ಅಚ್ಚಿನ ಸೆವೆನ್‌ಗೆ ಬಂದರೆ ಆಯ್ಕೆಯ ಸಾಲು ಹೀಗಿದೆ. ಮೊದಲು ಚುರುಕಾದ ರಸ್ತೆ ಟೈರುಗಳು. ಏವನ್ ಕಂಪನಿ ಹಗುರ ಕಾರುಗಳಿಗೆಂದೇ ಮಾಡಿದ ಝಡ್‌ಝಡ್‌ಎಸ್ ಈ ಗುಂಪಿನದು, ಮಳೆಗೂ ಬಿಸಿಲಿಗೂ ಆಗುತ್ತದೆ. ಅದರ ಮೇಲೆ ಯೊಕೊಹಾಮಾ ಎ052ರಂಥವು. ರಸ್ತೆಯಲ್ಲಿ ನಾಜೂಕಾಗಿಯೇ ನಡೆದುಕೊಳ್ಳುತ್ತವೆ, ಬೇಗ ಕಾಯುತ್ತವೆ. ಇನ್ನೂ ಮೇಲೆ ಟೊಯೊ ಆರ್888ಆರ್, ನಾನ್‌ಕಾಂಗ್ ಎಆರ್-1, ಏವನ್ ಝಡ್‌ಝಡ್‌ಆರ್, ಎ048. ಇವುಗಳ ಮೈಮೇಲೆ ಗೀರುಗಳಿವೆ, ರಸ್ತೆಗೆ ಕಾನೂನಿನ ಒಪ್ಪಿಗೆ ಇದೆ, ಮನಸ್ಸು ಮಾತ್ರ ಟ್ರ್ಯಾಕಿನದು. ತುದಿಯಲ್ಲಿ ಗೀರೇ ಇಲ್ಲದ ಸ್ಲಿಕ್. ಸ್ಲಿಕ್ ಹಾಕುವವರು ಕಾರನ್ನು ಟ್ರೈಲರ್ ಮೇಲೆ ಒಯ್ಯಬೇಕು, ಮಳೆಗೆ ಇನ್ನೊಂದು ಜೊತೆ ಬೇಕು, ಸಸ್ಪೆನ್ಷನ್ ಅದಕ್ಕೆ ತಕ್ಕಂತೆ ಬಿಗಿಯಾಗಬೇಕು. ರೇಸಿಗೆ ಇಳಿಯದವರಿಗೆ ಅದರ ಅಗತ್ಯ ನನಗೆ ಕಂಡಿಲ್ಲ.

ಅಮೆರಿಕದ ಟ್ರೆಡ್‌ವೇರ್ ಸಂಖ್ಯೆ ನೋಡಿ ಕೊಳ್ಳುವ ಅಭ್ಯಾಸ ಹಲವರಿಗಿದೆ: 200 ಎಂದಿದ್ದರೆ ಬಾಳಿಕೆ ಹೆಚ್ಚು, 100 ಎಂದಿದ್ದರೆ ಅಂಟು ಹೆಚ್ಚು, 40 ಎಂದಿದ್ದರೆ ಹೆಚ್ಚುಕಡಿಮೆ ರೇಸಿನದೇ. ಸ್ಥೂಲವಾಗಿ ಇದು ಸರಿ. ಆದರೆ ಆ ಸಂಖ್ಯೆ ಕೊಡುವುದು ತಯಾರಿಸುವ ಕಂಪನಿಯೇ ಆದ್ದರಿಂದ ಎರಡು ಕಂಪನಿಗಳ 200ಗಳನ್ನು ಪಕ್ಕಪಕ್ಕ ಇಟ್ಟು ತೂಗಲಾಗದು. ಬ್ರಿಟನ್ನಿನಲ್ಲಿ ರೇಸಿಗೆ ಇಳಿಯುವವರು ಅಲ್ಲಿನ ಮೋಟಾರ್ ಕ್ರೀಡಾ ಸಂಸ್ಥೆಯ ಪಟ್ಟಿ ನೋಡಬೇಕು. 1ಎ ಪಟ್ಟಿ ರಸ್ತೆ ಟೈರುಗಳದು, 1ಬಿ ಸೆಮಿ ಸ್ಲಿಕ್‌ಗಳದು. ತಮ್ಮ ವರ್ಗಕ್ಕೆ ಯಾವುದು ಸಲ್ಲುತ್ತದೆ ಎಂದು ತಿಳಿಯದೆ ಕೊಂಡರೆ ದುಡ್ಡು ಹೋದಂತೆಯೇ.

ಅಳತೆಯ ವಿಷಯ ಈಗ ಸ್ವಲ್ಪ ಸಂಕಟದ್ದು. ಸೆವೆನ್‌ಗೆ ಸಹಜವಾದದ್ದು 13 ಇಂಚಿನ ಚಕ್ರ. ಅದು ಹಗುರ, ತಿರುಗಿಸಲು ಸಲೀಸು, ಹಳ್ಳದಿಣ್ಣೆಯನ್ನು ಬೇಗ ಹಿಂಬಾಲಿಸುತ್ತದೆ. 550 ಕೆ.ಜಿ. ಕಾರಿನಲ್ಲಿ ಚಕ್ರಕ್ಕೆ ಒಂದೆರಡು ಕೆ.ಜಿ. ಕೂಡಿದರೂ ಓಡಿಸುವವರಿಗೆ ಗೊತ್ತಾಗುತ್ತದೆ. ಆದರೆ ಲೋಕದ ಕಾರುಗಳೆಲ್ಲ ದೊಡ್ಡ ಚಕ್ರಕ್ಕೆ ಹೋಗಿರುವುದರಿಂದ 13 ಇಂಚಿನಲ್ಲಿ ಒಳ್ಳೆಯ ಟೈರು ಮಾಡುವವರು ಕಡಿಮೆ. ಇಂಗ್ಲೆಂಡಿನ ವಿಲ್ಟ್‌ಶರ್‌ನ ಮೆಲ್ಕ್‌ಶಮ್ ಊರಿನಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಿಂದ ನಡೆದು ಬಂದ ಏವನ್ ಕಾರ್ಖಾನೆ, ಗುಡ್‌ಇಯರ್ ಕೈಗೆ ಬಂದ ಮೇಲೆ, 2023ರ ಕೊನೆಗೆ ಮುಚ್ಚಿತು. ಮೈಸೂರಿನವರಿಗೆ ವಿಕ್ರಾಂತ್ ಟೈರ್ ಎಂದರೆ ಹೇಗೋ ಮೆಲ್ಕ್‌ಶಮ್‌ನವರಿಗೆ ಏವನ್ ಹಾಗೆ. ಊರಿನ ಗುರುತೇ ಅದಾಗಿತ್ತು. ಸೆವೆನ್ ಓಡಿಸುವವರಿಗೆ ಅದು ಕಾರ್ಖಾನೆಯೊಂದು ಮುಚ್ಚಿದ ಸುದ್ದಿಯಷ್ಟೇ ಆಗಿರಲಿಲ್ಲ. ತಮ್ಮ ಕಾರಿನ ತೂಕ ಬಲ್ಲ ಕಂಪನಿಯೊಂದು ಇನ್ನು ಮುಂದೆ ಅದೇ ಊರಿನಲ್ಲಿ, ಅದೇ ಕೈಗಳಿಂದ ಟೈರು ಮಾಡುವುದಿಲ್ಲ ಎಂಬ ನೋವೂ ಅದರಲ್ಲಿತ್ತು. ಹೀಗಾಗಿ ಹಲವರು 15 ಇಂಚಿಗೆ ಹೋಗುತ್ತಿದ್ದಾರೆ. 195/50 ಆರ್15 ಅಳತೆಯಲ್ಲಿ ಆಯ್ಕೆ ಧಾರಾಳ. ಹೋಗುವ ಮುಂಚೆ ಸುತ್ತಳತೆ ಲೆಕ್ಕ ಹಾಕಿಕೊಳ್ಳಿ. 185/60 ಆರ್13 ಟೈರಿನ ವ್ಯಾಸ 552 ಮಿ.ಮೀ., 195/50 ಆರ್15ರದು 576. ನೂರಕ್ಕೆ 4ಕ್ಕಿಂತ ಹೆಚ್ಚು ವ್ಯತ್ಯಾಸ. ಅಷ್ಟರಮಟ್ಟಿಗೆ ಎಲ್ಲ ಗೇರುಗಳೂ ಉದ್ದವಾಗುತ್ತವೆ, ಕಾರು ನೆಲದಿಂದ 12 ಮಿ.ಮೀ. ಮೇಲೇಳುತ್ತದೆ, ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಮಡ್‌ಗಾರ್ಡ್‌ಗೆ ಉಜ್ಜುತ್ತದೆಯೇ ಎಂದೂ ನೋಡಬೇಕು.

ಮಳೆಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ, ಅಗಲ ಟೈರಿನ ನಷ್ಟ ಕಾಣುವುದು ಅಲ್ಲಿ. ನಾಸಾದ ಸಂಶೋಧಕರು 1960ರ ದಶಕದಲ್ಲಿ ವಿಮಾನದ ಟೈರುಗಳು ನೀರಿನ ಮೇಲೆ ತೇಲುವ ವೇಗಕ್ಕೆ ಒಂದು ಸೂತ್ರ ಕಂಡುಕೊಂಡರು. ಗಾಳಿಯ ಒತ್ತಡದ ವರ್ಗಮೂಲವನ್ನು 9ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ವೇಗ ಸಿಗುತ್ತದೆ. ಗೀರು ಮುಚ್ಚಿಹೋಗುವಷ್ಟು ನೀರು ನಿಂತಾಗಿನ ಲೆಕ್ಕ ಅದು. 32 ಪಿಎಸ್‌ಐ ಟೈರಿಗೆ ಅದು ಗಂಟೆಗೆ ಸುಮಾರು 94 ಕಿ.ಮೀ. ಬಂದರೆ 18 ಪಿಎಸ್‌ಐ ಟೈರಿಗೆ ಸುಮಾರು 71 ಕಿ.ಮೀ. ವಿಮಾನದ ಸೂತ್ರವನ್ನು ಕಾರಿಗೆ ಅಂದಾಜಿಗಷ್ಟೇ ಹಚ್ಚಬಹುದು, ಆದರೂ ದಿಕ್ಕು ಸ್ಪಷ್ಟ: ಹಗುರ ಕಾರು, ಕಡಿಮೆ ಗಾಳಿ, ಅಗಲ ಪಾದ, ಆಳವಿಲ್ಲದ ಗೀರು ನಾಲ್ಕೂ ಸೇರಿದರೆ ಕಾರು ತೇಲುತ್ತದೆ. ಅರ್ಧ ಸವೆದ ಸೆಮಿ ಸ್ಲಿಕ್ ಹಾಕಿಕೊಂಡು ಬೆಳಿಗ್ಗೆ ಟ್ರ್ಯಾಕಿಗೆ ಹೋದವರು ಸಂಜೆ ಮಳೆಯಲ್ಲಿ ಹೆದ್ದಾರಿ ಹಿಡಿದು ಮನೆಗೆ ಬರಬೇಕು ಎಂಬುದನ್ನು ಕೊಳ್ಳುವಾಗಲೇ ನೆನೆಯಬೇಕು. ಕಾನೂನು ಕೇಳುವುದು 1.6 ಮಿ.ಮೀ. ಗೀರು. ಇಂಥ ಕಾರಿಗೆ ಮಳೆಯಲ್ಲಿ ಅದು ಸಾಲದು.

ಈಗ ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆ ಹೋಗುವವರ ಮಾತು. ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ಭಾಗ ಅಲ್ಲಿ ತಲೆಕೆಳಗಾಗುತ್ತದೆ. ಇಂಗ್ಲೆಂಡಿನಲ್ಲಿ ಟೈರು ಕಾಯುವುದೇ ಇಲ್ಲವೆಂಬ ಗೋಳು. ಚೆನ್ನೈ ಬಿಸಿಲಿನಲ್ಲಿ ಮಧ್ಯಾಹ್ನದ ಡಾಂಬರು 50 ಡಿಗ್ರಿ ದಾಟಿರುತ್ತದೆ, ಮೆದು ಕಾಂಪೌಂಡ್ ನಾಲ್ಕೈದು ಸುತ್ತಿನಲ್ಲೇ ಹದ ಮೀರಿ ಬೆಣ್ಣೆಯಾಗುತ್ತದೆ. ಅಲ್ಲಿ ಹಗುರ ಕಾರಿಗೂ ಮಧ್ಯಮ ಕಾಂಪೌಂಡ್ ನಡೆಯುತ್ತದೆ, ಒಳ್ಳೆಯ ರಸ್ತೆ ಟೈರು ಇನ್ನೂ ಚೆನ್ನಾಗಿ ನಡೆಯುತ್ತದೆ. ಓಡಿಸುವುದನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡು ಐದು ಸುತ್ತಿಗೊಮ್ಮೆ ಒಳಗೆ ಬಂದರೆ ಟೈರೂ ಉಳಿಯುತ್ತದೆ. ಟೈರು ಸಿಗುವುದೇ ಇನ್ನೊಂದು ತೊಂದರೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಹೊರದೇಶದ ಟ್ರ್ಯಾಕ್ ಟೈರು ತರಿಸುವುದು ಬಿಡಿ ಗಿರಾಕಿಯ ಕೈಗೆ ನಿಲುಕುವ ಕೆಲಸವಲ್ಲ. ನಮ್ಮಲ್ಲಿ 13 ಇಂಚಿನ ಟೈರು ಯಾವ ಅಂಗಡಿಗೆ ಹೋದರೂ ಇದೆ, ಸಣ್ಣ ಕಾರುಗಳ 155/80 ಆರ್13. ಅದು ಮೈಲೇಜಿಗಾಗಿ ಬೆರೆಸಿದ ಗಟ್ಟಿ ರಬ್ಬರು. ಆದರೂ ಹಗುರ ಕಾರಿನ ರಿಮ್ಮಿಗೆ ಹೊಂದುವುದಾದರೆ ಕಲಿಯಲು ಅದು ಕೆಟ್ಟದ್ದಲ್ಲ: ಬೇಗ ಜಾರುತ್ತದೆ, ಮೆಲ್ಲಗೆ ಜಾರುತ್ತದೆ, ಮೊದಲೇ ಹೇಳಿ ಜಾರುತ್ತದೆ.

ಹಳೆಯ ಟೈರು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮುಂಚೆ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ಹುಟ್ಟಿದ ಟೈರು. ಟ್ರ್ಯಾಕ್ ಟೈರು ಸವೆಯದೆಯೂ ಸಾಯುತ್ತದೆ. ಪ್ರತಿ ಸಲ ಕಾದು ತಣಿದಾಗ ರಬ್ಬರು ಒಂದಿಷ್ಟು ಗಟ್ಟಿಯಾಗುತ್ತದೆ. ಗೀರು ನಿಚ್ಚಳವಾಗಿ ಕಾಣುತ್ತಿದ್ದರೂ ಅಂಟು ಹೋಗಿರುತ್ತದೆ. ಉಗುರಿನಿಂದ ಒತ್ತಿದರೆ ಗುರುತು ಬೀಳದ ಸೆಮಿ ಸ್ಲಿಕ್ ಅನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಹೊಸದನ್ನು ಹಾಕಿದ ಮೊದಲ ದಿನ ಮೆಲ್ಲಗೆ ಕಾಯಿಸಿ, ಒಂದು ದಿನ ಪೂರ್ತಿ ತಣಿಯಲು ಬಿಟ್ಟರೆ ಬಾಳಿಕೆ ಹೆಚ್ಚುತ್ತದೆ.

ನನ್ನನ್ನು ಕೇಳಿದರೆ, ವರ್ಷಕ್ಕೆ ನಾಲ್ಕೈದು ಸಲ ಟ್ರ್ಯಾಕಿಗೆ ಹೋಗಿ ಅದೇ ಕಾರಿನಲ್ಲಿ ಮನೆಗೆ ಬರುವ ಸೆವೆನ್‌ಗೆ ಝಡ್‌ಝಡ್‌ಎಸ್ ಸಿಕ್ಕರೆ ಅದು, ಇಲ್ಲವೇ ಎ052ರ ದರ್ಜೆಯೇ ಸರಿ. ಅದರಲ್ಲಿ ಪಳಗಿ, ಎಣ್ಣೆ ತೊಟ್ಟಿಯ ಕೆಲಸವೂ ಮುಗಿದ ಮೇಲೆ ಮೆದು ಕಾಂಪೌಂಡಿನ ಆರ್888ಆರ್ ದರ್ಜೆಗೆ ಹತ್ತಬಹುದು. ಯಾವುದನ್ನೇ ಹಾಕಿಸಿದರೂ ಗಾಳಿಯನ್ನು ನೋಡಬೇಕಾದ್ದು ಟೈರು ಬಿಸಿಯಿದ್ದಾಗ. 20 ಡಿಗ್ರಿ ಚಳಿಯಲ್ಲಿ 20 ಪಿಎಸ್‌ಐ ತುಂಬಿದ ಟೈರು 80 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 27 ಆಗಿರುತ್ತದೆ. ಹಗುರ ಕಾರಿಗೆ ಅದು ಅತಿಯಾಯಿತು. ಪಾದದ ನಡುಭಾಗ ಮಾತ್ರ ನೆಲಕ್ಕೆ ಊರಿ ಅಂಚುಗಳು ಎದ್ದಿರುತ್ತವೆ. ಪಿಟ್‌ಗೆ ಬಂದ ಕೂಡಲೇ, ಎಂಜಿನ್ ಆರಿಸುವ ಮುಂಚೆಯೇ, ಸೂಜಿ ಥರ್ಮಾಮೀಟರನ್ನು ರಬ್ಬರಿಗೆ ಚುಚ್ಚಿ ಒಳ ಅಂಚು, ನಡು, ಹೊರ ಅಂಚು ಎಂದು ಮೂರು ಕಡೆ ಶಾಖ ನೋಡಿ ಬರೆದುಕೊಳ್ಳಿ. ನಡು ಹೆಚ್ಚು ಬಿಸಿಯಿದ್ದರೆ ಗಾಳಿ ಇಳಿಸಿ. ಹೊರ ಅಂಚು ಹೆಚ್ಚು ಕಾದಿದ್ದರೆ ಕ್ಯಾಂಬರ್ ಸಾಲದು, ಒಳ ಅಂಚು ಬಹಳ ಕಾದಿದ್ದರೆ ಕ್ಯಾಂಬರ್ ಹೆಚ್ಚಾಯಿತು. ಮೂರೂ ಅಂಕಿ 50ರ ಆಸುಪಾಸಿನಲ್ಲೇ ನಿಂತಿದ್ದರೆ ಗಾಳಿಯಲ್ಲೂ ಅಲೈನ್‌ಮೆಂಟಿನಲ್ಲೂ ಏನೂ ತಪ್ಪಿಲ್ಲ, ಆ ಟೈರು ನಿಮ್ಮ ಕಾರಿನ ತೂಕಕ್ಕೆ ಮಾಡಿದ್ದಲ್ಲ.